ಹಡಗಿನಲ್ಲಿ ಬಂದ ಗಾಜು, ಇಡ್ಲಿ ಗಾತ್ರದ ರಬ್ಬರು

ಕೋವಿಡ್ ಬರುವುದಕ್ಕೆ ಹಿಂದಿನ ವರ್ಷದ ರಂಜಾನ್ ತಿಂಗಳು. ನನಗೆ ಆಗ ಐವತ್ತೆರಡು. ಹಲಸೂರು ಕೆರೆಯಿಂದ ಎರಡು ತಿರುವು ಆಚೆಗಿರುವ ನಮ್ಮ ಮೋಟಾರು ಗಾಜಿನ ಅಂಗಡಿಯನ್ನು ಅಪ್ಪನ ನಂತರ ನಾನೇ ನಡೆಸಲು ಶುರುಮಾಡಿ ಇಪ್ಪತ್ತಮೂರು ವರ್ಷವಾಗಿತ್ತು. ಅಷ್ಟು ವರ್ಷವಾದರೂ ಹೊಸದಾಗಿ ಬಂದವರು ಸೀರೆಯುಟ್ಟ ನನ್ನನ್ನು ನೋಡಿ, ಆಮೇಲೆ ನನ್ನ ಬೆನ್ನ ಹಿಂದೆ ಇಣುಕಿ, "ಮೇಸ್ತ್ರಿ ಇಲ್ವಾ?" ಎಂದು ಕೇಳುವುದು ತಪ್ಪಿರಲಿಲ್ಲ. "ಇದಾರಲ್ಲ, ನಿಮ್ ಮುಂದೇನೇ ನಿಂತಿದಾರೆ. ಏನಾಗ್ಬೇಕು ಹೇಳಿ" ಎನ್ನುತ್ತಿದ್ದೆ. ಮೊದಮೊದಲು ನಗುತ್ತಾ ಹೇಳುತ್ತಿದ್ದೆ. ಆಮೇಲಾಮೇಲೆ ನಗುವುದನ್ನು ಬಿಟ್ಟೆ.

ಅಂಗಡಿಯಲ್ಲಿ ನಾವಿಬ್ಬರೇ. ಗಾಜು ನನ್ನದು, ರಬ್ಬರು ಬಾಬು ಭಾಯಿಯದು. ಗಾಜಿನ ಸುತ್ತ ಕೂರುವ ರಬ್ಬರ್ ಪಟ್ಟಿಯನ್ನು ನಮ್ಮ ಕಸುಬಿನಲ್ಲಿ ಬೀಡಿಂಗ್ ಎನ್ನುತ್ತೇವೆ. ಶಿವಾಜಿನಗರದ ಬಾಬು ಭಾಯ್ ಅಪ್ಪನ ಕಾಲದಿಂದಲೂ ಅದರಲ್ಲೇ ಕೈ ಪಳಗಿಸಿಕೊಂಡವರು. ಬಸ್ಸು, ಲಾರಿ, ಟೆಂಪೊ, ಮಾರುತಿ ಯಾವುದು ಬಂದರೂ ನಾವಿಬ್ಬರು ಮಾತೇ ಇಲ್ಲದೆ ಕೆಲಸ ಮುಗಿಸುತ್ತಿದ್ದೆವು. ಆ ವರ್ಷ ನಮಗಿಬ್ಬರಿಗೂ ಮಾತು ಬೇಕಾಯಿತು.

ಗಾಡಿ ಫ್ರೇಜರ್ ಟೌನಿನ ನಸೀಮ್ ಟೀಚರ್ ಅವರದು. ಶಾಲೆಯಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಅವರ ತಂದೆ, ನಾವೆಲ್ಲ ಸಾಹೇಬರು ಎಂದೇ ಕರೆಯುತ್ತಿದ್ದವರು, ಬಹಳ ಹಿಂದೆ ಕೊಂಡಿದ್ದ ಐವತ್ತರ ದಶಕದ ಅಮೆರಿಕನ್ ಕಾರು ಅದು. ತಿಳಿ ಹಸಿರು ಮೈ, ಕೆನೆ ಬಣ್ಣದ ಛಾವಣಿ, ನಮ್ಮ ಓಣಿಗೆ ಬಂದರೆ ಆಟೋ ಸಹ ಪಕ್ಕದಲ್ಲಿ ನುಸುಳುವಂತಿರಲಿಲ್ಲ.

ಆ ಗಾಡಿಯ ಗಾಜಿನ ಬಗ್ಗೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಈಗಿನ ಕಾರುಗಳ ಮುಂದಿನ ಗಾಜು ಎರಡು ಕಂಬಗಳ ನಡುವೆ ಕೂತಿರುತ್ತದೆ. ಆ ಕಾಲದ ಅಮೆರಿಕದವರಿಗೆ ಕಂಬ ಕಂಡರೆ ಆಗುತ್ತಿರಲಿಲ್ಲವೇನೋ. ಮುಂದಿನ ಗಾಜನ್ನು ಎರಡೂ ತುದಿಯಲ್ಲಿ ಬಗ್ಗಿಸಿ ಪಕ್ಕದ ಬಾಗಿಲಿನವರೆಗೂ ತಂದರು, ಅದಕ್ಕಾಗಿ ಕಂಬವನ್ನೇ ಹಿಂದಕ್ಕೆ ತಳ್ಳಿದರು. ಕೂತವರಿಗೆ ರಸ್ತೆ ಅಂಗೈ ಮೇಲೆ ಇಟ್ಟಂತೆ ಕಾಣುತ್ತದೆ. ಗಾಡಿ ಹತ್ತುವಾಗ ಮಂಡಿ ಮಾತ್ರ ಆ ಮೂಲೆಗೆ ಬಡಿಯುತ್ತದೆ. ಬಾಗಿಲ ಗಾಜುಗಳಿಗೂ ಚೌಕಟ್ಟಿಲ್ಲ, ಮುಂಬಾಗಿಲು ಹಿಂಬಾಗಿಲುಗಳ ನಡುವೆ ಮೇಲುಗಡೆ ಕಂಬವಿಲ್ಲ. ಗಾಜು ಏರಿಸಿದರೆ ಮುಂದಿನ ಗಾಜು ಹಿಂದಿನ ಗಾಜಿಗೆ ಹೋಗಿ ಸೇರುತ್ತದೆ, ನಡುವೆ ಒಂದು ರಬ್ಬರ್ ಪಟ್ಟಿ, ಅಷ್ಟೇ. ನಾಲ್ಕನ್ನೂ ಇಳಿಸಿದರೆ ಎರಡೂ ಪಕ್ಕ ಪೂರ್ತಿ ಬಯಲು. ಈದ್ ದಿನ ನಮಾಜ್ ಮುಗಿಸಿ ಬಂದ ಸಾಹೇಬರು ಬೀದಿಯ ಮಕ್ಕಳನ್ನೆಲ್ಲ ತುಂಬಿಕೊಂಡು, ನಾಲ್ಕೂ ಗಾಜು ಇಳಿಸಿ, ಕೆರೆ ಸುತ್ತ ಒಂದು ಸುತ್ತು ಬರುತ್ತಿದ್ದರು. ಅಂಗಡಿ ಮುಂದೆ ಎರಡು ಸಲ ಹಾರನ್ ಹೊಡೆದರೆ ಅಪ್ಪ ಕೆಲಸ ಬಿಟ್ಟು ಹೊರಗೆ ಬಂದು ಸಲಾಂ ಮಾಡುತ್ತಿದ್ದರು.

ಸಾಹೇಬರು ತೀರಿಹೋಗುವುದಕ್ಕೆ ಸ್ವಲ್ಪ ಮುಂಚೆ ಗಾಡಿಯನ್ನು ನನ್ನ ಹತ್ತಿರ ತಂದಿದ್ದರು. ಓಡಿಸುವಾಗ ಎಡಗಡೆ ಬಾಗಿಲ ಗಾಜುಗಳ ನಡುವಿಂದ ಸೀಟಿ ಹೊಡೆದಂತೆ ಗಾಳಿ ಬರುತ್ತದೆ, ಮಳೆ ನೀರು ತೊಟ್ಟಿಕ್ಕುತ್ತದೆ ಎಂದರು. ಬಾಬು ಭಾಯ್ ಆ ದಿನ ರಜೆ, ನಾನೇ ಒಂದು ಗಂಟೆಯಲ್ಲಿ ಸರಿಮಾಡಿಕೊಟ್ಟೆ. ಗಾಳಿ ನಿಂತಿತು, ನೀರು ನಿಂತಿತು. ಸಾಹೇಬರು ಬೆನ್ನು ತಟ್ಟಿದರು. ಆ ಕೆಲಸದ ಬಗ್ಗೆ ನನಗೆ ಐದು ವರ್ಷ ಹೆಮ್ಮೆಯಿತ್ತು.

ಆ ರಂಜಾನಿಗೆ ಮೂರು ತಿಂಗಳ ಮೊದಲು ನಸೀಮ್ ಟೀಚರ್ ಅಂಗಡಿಗೆ ಬಂದರು. ಮುಂದಿನ ಗಾಜು ಸೀಳಿದೆ, ಎಡಗಡೆ ಕೆಳಗಿನ ತಿರುವಿನಲ್ಲಿ. ಕಲ್ಲು ಬಡಿದ ಗುರುತಿಲ್ಲ. ಹಳೇ ಗಾಜು, ಆಯಸ್ಸು ಮುಗಿದಿರಬೇಕು ಎಂದುಕೊಂಡೆವು. ಅವರ ತಮ್ಮ ಇಮ್ರಾನ್‌ಗೆ ಗಾಡಿ ಮಾರುವ ಆತುರ. ಇಂದಿರಾನಗರದಲ್ಲಿ ಹಳೇ ಕಾರುಗಳನ್ನು ಸಿಂಗರಿಸಿ ಕೊಡುವ ಕಾರ್ತಿಕ್ ಎಂಬವರು ಯಾವುದೋ ಕೆಫೆಗೆ ಇದನ್ನು ಕೇಳಿದ್ದರು. ಗಾಡಿಯನ್ನು ನಡುವೆ ಕತ್ತರಿಸಿ, ಮುಂದಿನ ಅರ್ಧವನ್ನು ಕಾಫಿ ಕೌಂಟರ್ ಮಾಡುತ್ತಾರಂತೆ. ಅಕ್ಕ ತಮ್ಮ ಜಗಳವಾಡಿ ಕೊನೆಗೆ ಒಂದು ಮಾತಿಗೆ ಬಂದಿದ್ದರು: ಈದ್ ದಿನ ಗಾಡಿ ಗಾಜು ಸಮೇತ ರಸ್ತೆಗಿಳಿದರೆ ಅಕ್ಕನದು, ಇಲ್ಲದಿದ್ದರೆ ಮಾರಾಟ. "ಅಬ್ಬಾ ಕೂತ ಸೀಟ್ ಮೇಲೆ ಕಪ್ಪು ಸಾಸರು ಇಡ್ತಾರೆ ಸರೋಜಮ್ಮ, ನಾನು ನೋಡ್ಕೊಂಡು ಇರ್ಬೇಕಾ?" ಎಂದರು ಟೀಚರ್.

ಆ ಗಾಜು ಇಲ್ಲಿ ಸಿಗುವುದಿಲ್ಲ. ಟೀಚರ್ ಅವರ ಸೋದರತ್ತೆಯ ಮಗ ಹೊರದೇಶದಿಂದ ಹಡಗಿನಲ್ಲಿ ಕಳಿಸಿದರು. ದಾರಿಯಲ್ಲಿ ಒಂದು ಒಡೆದರೂ ಇನ್ನೊಂದಿರಲಿ ಎಂದು ಒಂದೇ ಮರದ ಪೆಟ್ಟಿಗೆಯಲ್ಲಿ ಎರಡು ಇಟ್ಟಿದ್ದರು. ಹನ್ನೊಂದು ವಾರಕ್ಕೆ ಪೆಟ್ಟಿಗೆ ಬಂತು. ಎರಡೂ ಗಟ್ಟಿಮುಟ್ಟಾಗಿದ್ದವು. ಲ್ಯಾಮಿನೇಟೆಡ್ ಗಾಜು, ಅಂದರೆ ಎರಡು ಹಾಳೆ ಗಾಜಿನ ನಡುವೆ ಪ್ಲಾಸ್ಟಿಕ್ ಪೊರೆ ಇಟ್ಟು ಅಂಟಿಸಿದ್ದು. ಸೀಳಿದರೂ ಉದುರಿ ಮುಖಕ್ಕೆ ಬೀಳುವುದಿಲ್ಲ.

ರಂಜಾನಿನ ಎರಡನೇ ವಾರ, ಸೋಮವಾರ ಬೆಳಿಗ್ಗೆ ಕೂರಿಸಿದೆವು. ಬೀಡಿಂಗನ್ನು ಗಾಜಿನ ಸುತ್ತ ತೊಡಿಸಿ, ಅದರ ಸಂದಿಯಲ್ಲಿ ದಾರ ಕೂರಿಸಿ, ಸೋಪಿನ ನೀರು ಸವರಿ ಗಾಡಿಯ ಬಾಯಿಗೆ ಹಿಡಿಯಬೇಕು. ಹೊರಗಿನಿಂದ ನಾನು ಅಂಗೈಯಲ್ಲಿ ಮೆತ್ತಗೆ ಒತ್ತುತ್ತೇನೆ, ಒಳಗಿನಿಂದ ಬಾಬು ಭಾಯ್ ದಾರ ಎಳೆಯುತ್ತಾರೆ, ರಬ್ಬರಿನ ತುಟಿ ತಗಡಿನ ಅಂಚನ್ನು ಕಚ್ಚಿಕೊಳ್ಳುತ್ತದೆ. ಮೇ ತಿಂಗಳ ಬಿಸಿಲು, ಅವರಿಗೆ ರೋಜಾದ ಉಪವಾಸ, ಒಂದು ಹನಿ ನೀರಿಲ್ಲ. ನಾನೂ ಅವರೆದುರು ಕುಡಿಯಲಿಲ್ಲ. ಹನ್ನೊಂದು ಗಂಟೆಗೆ ಕೆಲಸ ಮುಗಿಯಿತು.

ಬುಧವಾರ ಸಂಜೆ ಟೀಚರ್ ವರಾಂಡದಲ್ಲಿ ಕೂತು ಇಫ್ತಾರಿಗೆ ಹಣ್ಣು ಹೆಚ್ಚುತ್ತಿದ್ದಾಗ ಗಾಡಿ ಕಡೆಯಿಂದ ಟಕ್ ಎಂದಿತಂತೆ. ನಿಂತಲ್ಲೇ ನಿಂತಿದ್ದ ಗಾಡಿ. ಹೊಸ ಗಾಜು, ಅದೇ ಎಡಗಡೆ, ಅದೇ ಕೆಳಗಿನ ತಿರುವು.

ಮರುದಿನ ಬೆಳಿಗ್ಗೆ ಗಾಡಿಯ ಜೊತೆ ಟೀಚರ್, ಇಮ್ರಾನ್, ಕಾರ್ತಿಕ್ ಮೂವರೂ ಅಂಗಡಿಗೆ ಬಂದರು. ಕಾರ್ತಿಕ್ ಗಾಜಿನ ಮೇಲೆ ಬೆರಳಾಡಿಸಿ, ಫೋನಿನಲ್ಲಿ ನಾಲ್ಕು ಫೋಟೊ ತೆಗೆದುಕೊಂಡು, "ಮೇಡಂ, ನಿಮ್ ಎಕ್ಸ್‌ಪೀರಿಯೆನ್ಸ್ ಬಗ್ಗೆ ನಂಗೆ ರೆಸ್ಪೆಕ್ಟ್ ಇದೆ. ಬಟ್ ಇದು ಟೆಂಪೊ ಗಾಜಲ್ಲ. ಪ್ರೆಷರ್ ಜಾಸ್ತಿ ಆಗಿದೆ, ಲೇಡೀಸ್ ಕೈಗೆ ಆ ಕಂಟ್ರೋಲ್ ಕಷ್ಟ" ಎಂದರು. ಇಂಥದ್ದಕ್ಕೆಲ್ಲ ನಾನು ಕಿವಿ ಕೊಡುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಆ ದಿನ ಮಾತ್ರ ಮೈಯೆಲ್ಲ ಉರಿಯಿತು. ಅವರ ಸಲಹೆ ಏನೆಂದರೆ, ಎರಡೂ ಕಂಬ ಕತ್ತರಿಸಿ ನೇರ ಮಾಡಿ ಬಸ್ಸಿನ ಚಪ್ಪಟೆ ಗಾಜು ಹಾಕುವುದು, ಇಲ್ಲವೇ ಗಾಡಿಯನ್ನು ಈಗಲೇ ಅವರಿಗೆ ಕೊಟ್ಟುಬಿಡುವುದು.

"ಗಾಜು ನಮ್ ಕೈಯಿಂದ ಒಡೀತು ಅಂತ ಒಂದು ಲೈನ್ ಬರ್ಕೊಡಿ ಸಾಕು, ಮಾತು ಮುಗೀತು" ಎಂದ ಇಮ್ರಾನ್.

"ಒಡೆದಿದ್ರೆ ಬರ್ಕೊಡ್ತಿದ್ದೆ. ಒಡೆದಿಲ್ಲ, ಬರ್ಕೊಡಲ್ಲ" ಎಂದೆ.

ಅವರಿಬ್ಬರು ಹೋದ ಮೇಲೆ ಟೀಚರ್ ಕುರ್ಚಿಯಲ್ಲಿ ಕೂತರು. ಈದ್‌ಗೆ ಹತ್ತೊಂಬತ್ತು ದಿನ ಇತ್ತು. "ಇನ್ನೊಂದು ಗಾಜು ಇದೆಯಲ್ಲ, ಇವತ್ತೇ ಹಾಕ್ಬಿಡಿ" ಎಂದರು.

"ಹಾಕಲ್ಲ ಟೀಚರ್."

"ಗಾಜು ನಂದು ಸರೋಜಮ್ಮ!"

"ಗಾಜು ನಿಮ್ದೇ. ಅದು ಯಾಕೆ ಒಡೀತು ಅಂತ ಗೊತ್ತಾಗೋವರ್ಗೂ ನನ್ ಕೈಯಿಂದ ಇದು ಗಾಡಿ ಮೇಲೆ ಹೋಗಲ್ಲ. ಬೇರೆಯವ್ರ ಹತ್ರ ಹಾಕಿಸ್ತೀರಾ, ಪೆಟ್ಟಿಗೆ ಅಲ್ಲಿದೆ, ಎತ್ಕೊಂಡೋಗಿ."

ಟೀಚರ್ ಕೋಪದಲ್ಲಿ ಎದ್ದು ಹೋದರು. ಪೆಟ್ಟಿಗೆಯನ್ನು ಮಾತ್ರ ಮುಟ್ಟಲಿಲ್ಲ. ಗಾಡಿಯೂ ಅಲ್ಲೇ ಉಳಿಯಿತು. ಬಾಬು ಭಾಯ್ ತಲೆ ಕೆರೆದುಕೊಂಡು, "ಇಷ್ಟು ಜಿದ್ದು ನಕ್ಕೋ ಸರೋಜಾ, ಒಳ್ಳೇ ಹೆಂಗ್ಸು ಆಯಮ್ಮ" ಎಂದರು. ಒಳ್ಳೆಯವರು ಎನ್ನುವುದಕ್ಕೇ ನನ್ನ ಜಿದ್ದು ಎಂದು ಅವರಿಗೆ ಹೇಳಿದೆ.

ಒಡೆದ ಗಾಜು ತೆಗೆದೆವು. ಇನ್ನೊಂದು ಗಾಜನ್ನು ಪೆಟ್ಟಿಗೆಯಿಂದೆತ್ತಿ, ಬೀಡಿಂಗ್ ಹಾಕದೆ, ಒತ್ತದೆ, ತೊಟ್ಟಿಲಲ್ಲಿ ಕೂಸು ಮಲಗಿಸುವ ಹಾಗೆ ಗಾಡಿಯ ಬಾಯಲ್ಲಿ ಸುಮ್ಮನೆ ಇಟ್ಟೆವು. ಕೆಳಗೆ ಸಣ್ಣ ರಬ್ಬರ್ ತುಂಡುಗಳ ಆಸರೆ. ಮೂರು ಮೂಲೆ ಸರಿಯಾಗಿ ಕೂತವು. ಎಡಗಡೆ ಕೆಳಗಿನ ಮೂಲೆ ಅಂಚಿನಿಂದ ದೂರ ನಿಂತಿತು. ಸ್ಕೇಲ್ ಇಟ್ಟರೆ ಐದು ಮಿಲಿಮೀಟರ್. ದಾರ ಎಳೆದಾಗ ರಬ್ಬರು ಈ ಐದು ಮಿಲಿಮೀಟರನ್ನು ಬಲವಂತವಾಗಿ ಅಂಚಿಗೆ ಎಳೆದುಕೊಂಡಿದೆ. ಗಾಜು ಎರಡು ದಿನ ತಡೆದುಕೊಂಡಿದೆ, ಮೂರನೇ ದಿನ ಸೀಳಿದೆ. ಗಾಜು ಸರಿಯಿತ್ತು, ನನ್ನ ಕೈ ಸರಿಯಿತ್ತು, ಗಾಡಿಯ ಬಾಯಿ ಸೊಟ್ಟಗಾಗಿತ್ತು. ನನಗೆ ಎಷ್ಟು ಸಂತೋಷವಾಯಿತೆಂದರೆ ಆಗಲೇ ಕಾರ್ತಿಕ್‌ಗೆ ಫೋನು ಮಾಡಿ ಬಯ್ಯಬೇಕೆನಿಸಿತು. ಮಾಡಲಿಲ್ಲ, ಒಳ್ಳೆಯದೇ ಆಯಿತು.

ಏಕೆಂದರೆ ಬಾಯಿ ಸೊಟ್ಟಗಾದದ್ದು ಯಾಕೆಂದು ಹುಡುಕುತ್ತಿದ್ದಾಗ, ಧೂಳು ಒಳಗೆ ಬರದಿರಲಿ ಎಂದು ಬಾಬು ಭಾಯ್ ಎಡಗಡೆ ಬಾಗಿಲುಗಳ ಗಾಜು ಏರಿಸಿದರು. ಎರಡು ಗಾಜು ಸೇರುವ ಕಡೆಯ ರಬ್ಬರ್ ಪಟ್ಟಿ ನನ್ನ ಕಣ್ಣಿಗೆ ಬಿತ್ತು. ಕೆಳಗೆ ಒಂಟಿ ಪಟ್ಟಿ, ಮೇಲಕ್ಕೆ ಹೋಗುತ್ತಾ ಜೋಡಿ ಪಟ್ಟಿ, ಒಂದರ ಮೇಲೊಂದು ಅಂಟಿಸಿದ್ದು. ಅಂಟಿಸಿದ್ದು ನಾನೇ. ಸಾಹೇಬರು ಬೆನ್ನು ತಟ್ಟಿದ ಕೆಲಸ.

ಪಟ್ಟಿ ಕಿತ್ತೆ. ಎರಡು ಗಾಜುಗಳ ನಡುವೆ ಕೆಳಗೆ ಮೂರು ಮಿಲಿಮೀಟರ್ ಸಂದು, ಮೇಲೆ ಹನ್ನೊಂದು. ಎರಡೂ ಒಂದೇ ಸಮ ಇರಬೇಕಿತ್ತು. ಮೇಲೆ ಸಂದು ಬಿಟ್ಟಿದೆ ಎಂದರೆ ಮುಂಬಾಗಿಲು ಮುಂದಕ್ಕೆ ವಾಲಿದೆ. ಬಾಗಿಲು ವಾಲಿದೆ ಎಂದರೆ ಅದನ್ನು ಹಿಡಿದಿರುವ ಗಾಡಿಯ ಎಡ ಮುಂಭಾಗವೇ ಕುಸಿದಿದೆ. ಸಾಹೇಬರು ಸೀಟಿ ಶಬ್ದ ಬರುತ್ತಿದೆ ಎಂದಾಗಲೇ ಗಾಡಿ ಕುಸಿಯಲು ಶುರುವಾಗಿತ್ತು. ಆ ಸಂದು ಎಲ್ಲಿಂದ ಬಂತು ಎಂದು ಕೇಳದೆ ನಾನು ದಪ್ಪ ರಬ್ಬರು ತುರುಕಿ ಮುಚ್ಚಿದ್ದೆ. ನಮ್ಮ ಕಸುಬಿನವರೆಲ್ಲ ಮಾಡುವುದು ಅದನ್ನೇ. ಗಾಳಿ ಬಂದರೆ ರಬ್ಬರು, ನೀರು ಬಂದರೆ ಇನ್ನಷ್ಟು ರಬ್ಬರು. ನಾಚಿಕೆಯಿಂದ ಮುಖ ಬಿಸಿಯಾಯಿತು.

ಗಾಡಿ ಕೆಳಗೆ ನುಗ್ಗಿ ನೋಡಿದೆವು. ಆ ಕಾಲದ ಗಾಡಿಗಳಲ್ಲಿ ಕೆಳಗೆ ಉಕ್ಕಿನ ಛಾಸಿ, ಅದರ ಮೇಲೆ ಬಾಡಿ. ಎರಡರ ನಡುವೆ ಅಲ್ಲಲ್ಲಿ ದಪ್ಪ ರಬ್ಬರ್ ಬಿಲ್ಲೆಗಳು, ನಟ್ಟು ಬೋಲ್ಟು ಹಾಕಿ ಬಿಗಿದಿರುತ್ತಾರೆ. ಎಡಗಡೆ ಕಾಲಿಡುವ ಜಾಗದ ಕೆಳಗಿನ ಬಿಲ್ಲೆ ವರ್ಷಗಟ್ಟಲೆ ನೀರು ಕುಡಿದು ಕೊಳೆತು ಹಪ್ಪಳವಾಗಿತ್ತು. ಬೆರಳಿಂದ ಮುಟ್ಟಿದರೆ ಪುಡಿ ಉದುರಿತು. ಇಡ್ಲಿ ಗಾತ್ರದ ಒಂದು ರಬ್ಬರು! ಅದಕ್ಕಾಗಿ ಕಾರ್ತಿಕ್ ಗಾಡಿಯ ಕಂಬ ಕತ್ತರಿಸಲು ಹೊರಟಿದ್ದರು.

"ಗಾಜು ಗಾಜು ಅಂತ ನೀನು ಒದ್ದಾಡ್ದೆ, ಕೊನೆಗೆ ಕಾಯಿಲೆ ನನ್ ಖಾತೇದು" ಎಂದರು ಬಾಬು ಭಾಯ್, ಮಲಗಿದಲ್ಲೇ.

ಸರಿಮಾಡಿಬಿಟ್ಟು ಸುಮ್ಮನಿರಬಹುದಿತ್ತು. ಜೋಡಿ ಪಟ್ಟಿಯ ವಿಷಯ ನಮ್ಮಿಬ್ಬರನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಬಾಬು ಭಾಯ್ ಸಹ "ಹೇಳ್ಬೇಕಾ?" ಎಂದು ಕೇಳಿದರು. ಆದರೆ ಗಾಜಿಗೂ ಗಾಡಿಗೂ ಏನಾಗಿದೆ ಎಂದು ಹೇಳದೆ ಕೊನೆಯ ಗಾಜನ್ನು ನನ್ನ ಕೈಗೆ ಕೊಡಿ ಎಂದು ಕೇಳುವುದು ಹೇಗೆ? ಮರುದಿನ ಆ ಪಟ್ಟಿಯನ್ನು ಕೈಚೀಲದಲ್ಲಿ ಹಾಕಿಕೊಂಡು ಫ್ರೇಜರ್ ಟೌನಿಗೆ ಹೋದೆ. ವರಾಂಡದಲ್ಲಿ ಟೀಚರ್, ಇಮ್ರಾನ್, ಜೊತೆಗೆ ಕಾರ್ತಿಕ್ ಸಹ ಕಾಗದಪತ್ರ ಹಿಡಿದು ಕೂತಿದ್ದರು. ಮೂವರ ಎದುರಿಗೇ ಪಟ್ಟಿ ತೆಗೆದು ಟೀಪಾಯಿ ಮೇಲಿಟ್ಟು, ಐದು ವರ್ಷದ ಹಿಂದೆ ನಾನು ಏನು ಮಾಡಿದೆ, ಅದರಿಂದ ಏನು ಮುಚ್ಚಿಹೋಯಿತು, ಎಲ್ಲವನ್ನೂ ಹೇಳಿದೆ.

ಕಾರ್ತಿಕ್ ಮುಗುಳ್ನಕ್ಕರು. "ಸೋ, ತಪ್ಪು ನಿಮ್ದೇ ಅಂತ ಒಪ್ಕೊಂಡ್ರಿ."

"ಹೌದು, ಒಪ್ಕೊಂಡೆ. ರಬ್ಬರ್ ಹಾಕಿದ್ದು ನನ್ ತಪ್ಪು. ಅದಕ್ಕೆ ಲೇಡೀಸ್ ಕೈ ಕಾರಣ ಅಲ್ಲ, ಸೋಂಬೇರಿ ತಲೆ ಕಾರಣ. ನಿಮ್ದೇನು? ಗಾಡಿ ಕೆಳಗೆ ಒಂದ್ಸಲಾನೂ ಬಗ್ಗಿ ನೋಡ್ದೆ ಕಂಬ ಕತ್ತರಿಸಿ ಅಂದ್ರಲ್ಲ, ಅದು ಯಾರ್ ಕೈಯ ಕೆಲ್ಸ ಸ್ವಾಮಿ?"

ಇಮ್ರಾನ್ ಏಳಲು ಹೋದ. ಟೀಚರ್ ಕೈಯೆತ್ತಿ ಅವನನ್ನು ಕೂರಿಸಿದರು, ತರಗತಿಯಲ್ಲಿ ಕೂರಿಸಿದ ಹಾಗೆ. ನನ್ನ ಕಡೆ ತಿರುಗಿ, "ಮೇಲೆ ಎಷ್ಟು ಅಂದ್ರಿ?" ಎಂದರು.

"ಹನ್ನೊಂದು ಮಿಲಿಮೀಟರ್. ಕೆಳಗೆ ಮೂರು."

"ರಬ್ಬರ್ ಬದಲಾಯಿಸಿದ್ರೆ?"

"ಎರಡೂ ಒಂದೇ ಸಮ ಬರ್ಬೇಕು. ಬರ್ಲಿಲ್ಲ ಅಂದ್ರೆ ಗಾಜು ಹಾಕಲ್ಲ, ನಾನೇ ಗಾಡೀನ ಇವ್ರ ಬಾಗಿಲಿಗೆ ಬಿಟ್ಟು ಬರ್ತೀನಿ."

ಟೀಚರ್ ಒಳಗೆ ಹೋಗಿ ಶಾಲೆಯ ಕಾಲದ ಸ್ಟೀಲ್ ಸ್ಕೇಲ್ ಮತ್ತು ಒಂದು ಗೀಟಿನ ನೋಟ್‌ಬುಕ್ ತಂದರು. "ಅಳ್ಯೋದು ನಾನು. ನಡೀರಿ" ಎಂದರು.

ಬಾಬು ಭಾಯ್ ಶಿವಾಜಿನಗರದ ಲೇತ್‌ನವರ ಹತ್ತಿರ ಲಾರಿ ಎಂಜಿನ್ ಮೌಂಟಿಂಗಿನ ರಬ್ಬರಿನಿಂದ ಬಿಲ್ಲೆ ಕೊರೆಸಿ ತಂದರು, ಎಡಗಡೆಗೊಂದು, ಬಲಗಡೆಗೊಂದು. ಬಾಡಿಯ ಕೆಳಗೆ ಮರದ ದಿಮ್ಮಿ ಇಟ್ಟು ಜಾಕ್ ತಿರುಗಿಸುವಾಗ ನಾನು ಬಾಗಿಲ ಗಾಜುಗಳ ಸಂದಿಗೇ ಕಣ್ಣು ನೆಟ್ಟಿದ್ದೆ. ಮೇಲಿನ ಸಂದು ಹನ್ನೊಂದು, ಒಂಬತ್ತು, ಆರು ಎಂದು ಇಳಿಯುತ್ತಾ ಬಂತು. ಬಿಲ್ಲೆ ಕೂರಿಸಿ, ಬೋಲ್ಟ್ ಬಿಗಿದು, ಜಾಕ್ ತೆಗೆದ ಮೇಲೆ ಟೀಚರ್ ಬಗ್ಗಿ ಸ್ಕೇಲ್ ಇಟ್ಟರು. ಮೇಲೆ ನಾಲ್ಕು, ಕೆಳಗೆ ನಾಲ್ಕು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಅಳೆದರು. ಅದೇ ನಾಲ್ಕು.

ಆದರೂ ಗಾಜು ಹಾಕಲಿಲ್ಲ. ನಿಂತಿದ್ದಾಗ ಸರಿಯಿದ್ದದ್ದು ಹಳ್ಳ ಹಂಪು ದಾಟಿದ ಮೇಲೂ ಸರಿಯಿರಬೇಕಲ್ಲ. ಬೆಂಗಳೂರಿನಲ್ಲಿ ಪರೀಕ್ಷೆಗೆ ಹಳ್ಳ ಹುಡುಕಬೇಕಾಗಿರಲಿಲ್ಲ. ಮುಂದೆ ಗಾಜೇ ಇಲ್ಲದ ಗಾಡಿಯನ್ನು, ಬೆಳಿಗ್ಗೆ ಆರಕ್ಕೆ ರಸ್ತೆ ಖಾಲಿ ಇರುವಾಗ, ಟೀಚರ್ ಓಡಿಸಿದರು. ನಾನು ಪಕ್ಕದಲ್ಲಿ, ವೆಲ್ಡಿಂಗ್ ಕನ್ನಡಕ ಹಾಕಿಕೊಂಡು, ಸೆರಗು ತಲೆಗೆ ಬಿಗಿದುಕೊಂಡು. ಹಲಸೂರಿನಿಂದ ದೊಮ್ಮಲೂರು, ಅಲ್ಲಿಂದ ವಾಪಸ್ಸು ಕೆರೆ ಸುತ್ತಿ ಫ್ರೇಜರ್ ಟೌನ್. ವಾಕಿಂಗ್ ಬಂದವರು ನಿಂತು ನೋಡುತ್ತಿದ್ದರು. ಗಾಳಿಗೆ ನಮ್ಮಿಬ್ಬರ ಬಾಯಿಗೂ ಧೂಳು ಹೊಡೆಯಿತು, ಇಬ್ಬರಿಗೂ ನಗು ತಡೆಯಲಿಲ್ಲ. ಹೀಗೆ ನಾಲ್ಕು ದಿನ. ಪ್ರತಿದಿನ ಇಳಿದ ತಕ್ಷಣ ಟೀಚರ್ ಸ್ಕೇಲ್ ಹಿಡಿದು ಬಗ್ಗುತ್ತಿದ್ದರು. ನೋಟ್‌ಬುಕ್ಕಿನಲ್ಲಿ ನಾಲ್ಕು ದಿನವೂ ನಾಲ್ಕು, ನಾಲ್ಕು.

ಈದ್‌ಗೆ ಎಂಟು ದಿನ ಇರುವಾಗ ಕೊನೆಯ ಗಾಜನ್ನು ಮೊದಲು ಬೀಡಿಂಗ್ ಇಲ್ಲದೆ ಗಾಡಿಯ ಬಾಯಲ್ಲಿ ಇಟ್ಟು ನೋಡಿದೆ. ನಾಲ್ಕೂ ಮೂಲೆ ಕೂತವು. ಬೀಡಿಂಗ್ ತೊಡಿಸಿ, ದಾರ ಹಾಕಿ, ಅಂಗೈ ಇಟ್ಟೆ. ಈ ಸಲ ಒತ್ತಬೇಕಾಗಿಯೇ ಬರಲಿಲ್ಲ. ದಾರ ಹೋದಲ್ಲೆಲ್ಲ ರಬ್ಬರು ತಾನಾಗಿ ಅಂಚು ಹಿಡಿಯಿತು. ಮೊದಲ ಸಲ ಎಡ ಮೂಲೆಗೆ ಸ್ವಲ್ಪ ಜಾಸ್ತಿ ಒತ್ತಿದ್ದು ಆಗ ನೆನಪಿಗೆ ಬಂತು. ಆ ಮೂಲೆ ಅಂದೇ ನನಗೆ ಹೇಳಿತ್ತು, ನಾನು ಕೇಳಿಸಿಕೊಂಡಿರಲಿಲ್ಲ.

ಮೂರನೇ ದಿನ ಸಂಜೆ ನಾನೇ ಫ್ರೇಜರ್ ಟೌನಿಗೆ ಹೋಗಿ ಗಾಡಿಯ ಪಕ್ಕ ಸ್ಟೂಲ್ ಹಾಕಿಕೊಂಡು ಕೂತೆ. ಮಸೀದಿಯಿಂದ ಅಜಾನ್ ಕೇಳಿಸಿತು, ಟೀಚರ್ ಖರ್ಜೂರದ ತಟ್ಟೆ ತಂದಿಟ್ಟರು. ನಾವು ತಿಂದೆವು. ಟಕ್ ಎನ್ನಲಿಲ್ಲ.

ಈದ್ ದಿನ ನಾನು ಅಂಗಡಿ ಬೇಕೆಂದೇ ತೆರೆದಿದ್ದೆ. ಹತ್ತೂವರೆಗೆ ತಿರುವಿನಲ್ಲಿ ಹಸಿರು ಮೂತಿ ಕಾಣಿಸಿತು. ನಾಲ್ಕೂ ಗಾಜು ಇಳಿಸಿತ್ತು. ಹಿಂದಿನ ಸೀಟಿನಲ್ಲಿ ಹೊಸ ಬಟ್ಟೆಯ ಮಕ್ಕಳು ಒಬ್ಬರ ಮೇಲೊಬ್ಬರು, ಸ್ಟೀರಿಂಗ್ ಹಿಂದೆ ಟೀಚರ್, ಪಕ್ಕದಲ್ಲಿ ಮುಖ ಗಂಟಿಕ್ಕಿಕೊಂಡ ಇಮ್ರಾನ್, ಅವನ ತೊಡೆಯ ಮೇಲೆ ಅವನದೇ ಮಗಳು. ಎರಡು ಸಲ ಹಾರನ್ ಆಯಿತು. ನಾನು ಅಪ್ಪ ನಿಂತಿದ್ದ ಜಾಗದಲ್ಲೇ ನಿಂತು ಸಲಾಂ ಮಾಡಿದೆ, ಕಣ್ಣು ಒದ್ದೆಯಾಗಿದ್ದನ್ನು ಒರೆಸಲಿಲ್ಲ. ಕೆಳಗಿಳಿದ ಇಮ್ರಾನ್ ಮಂಡಿಯನ್ನು ಆ ಮೂಲೆಗೆ ಬಡಿದುಕೊಂಡು "ಯಾ ಅಲ್ಲಾ" ಎಂದು ಕುಂಟುತ್ತಾ ಬಂದು ನನ್ನ ಕೈಗೆ ಶೀರ್‌ಖುರ್ಮ ಪಾಯಸದ ಡಬ್ಬಿ ಕೊಟ್ಟ. "ಬರ್ಕೊಡೋದೇನೂ ಬೇಡ" ಎಂದ. ಅಷ್ಟು ಸಾಕಾಗಿತ್ತು.

ಆ ಗಾಜು ಇವತ್ತಿಗೂ ಇಡಿಯಾಗಿದೆ. ಕೆಲಸ ನನಗೆ ಕಲಿಸಿದ್ದು ಇಷ್ಟೇ: ಯಾರಾದರೂ ಬಂದು ಸಂದು ಬಿಟ್ಟಿದೆ, ದಪ್ಪ ರಬ್ಬರ್ ಹಾಕಿ ಎಂದರೆ ನಾನು ಈಗ ಹಾಕುವುದಿಲ್ಲ, ಸಂದು ಯಾವಾಗಿಂದ ಎಂದು ಕೇಳುತ್ತೇನೆ, ಸೀರೆ ಎತ್ತಿ ಕಟ್ಟಿ ಗಾಡಿ ಕೆಳಗೆ ಮಲಗುತ್ತೇನೆ. ಅರ್ಧ ಗಿರಾಕಿಗಳು ಬೇಸರಪಟ್ಟು ಹೋಗುತ್ತಾರೆ. ಹೋಗಲಿ.

ಆ ಜೋಡಿ ಪಟ್ಟಿಯನ್ನು ಎಸೆದಿಲ್ಲ. ಅಂಗಡಿಯಲ್ಲಿ ಅಪ್ಪನ ಫೋಟೊ ಪಕ್ಕದ ಮೊಳೆಗೆ ನೇತುಹಾಕಿದ್ದೇನೆ. ಮೇಸ್ತ್ರಿ ಎಲ್ಲಿ ಎಂದು ಕೇಳುವವರು ಈಗಲೂ ಬರುತ್ತಾರೆ, ಅದನ್ನು ತೋರಿಸಿ ಇದೇನು ಎಂದೂ ಕೇಳುತ್ತಾರೆ. ಎರಡಕ್ಕೂ ನನ್ನದು ಒಂದೇ ಉತ್ತರ: "ನಾನೇ ಮೇಸ್ತ್ರಿ. ಅದನ್ನ ಹಾಕಿದ್ದೂ ನಾನೇ."